ಬುಗುರಿ ಯಾರ ಪಾಲಿಗೆ?

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುಮಾರ್ಗದಲ್ಲಿ ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ದಾಟಿದ ಮೇಲೆ ಯಲಿಯೂರು ಎಂಬ ಸಣ್ಣ ನಿಲ್ದಾಣ ಬರುತ್ತದೆ. ಈ ಸೀಮೆಯ ಹಿರಿಯರು ಪ್ರಯಾಣದಿಂದ ಹಿಂದಿರುಗುವಾಗ ಮಕ್ಕಳಿಗೆಂದು ಚನ್ನಪಟ್ಟಣದ ಆಟಿಕೆಗಳನ್ನು ತರುವುದುಂಟು. ಮಗನಿಗೆ ಬುಗುರಿ, ಮಗಳಿಗೆ ಪುಟ್ಟ ಅಡುಗೆಯ ಪಾತ್ರೆಗಳು. ಯಾರೂ ಪ್ರಶ್ನಿಸದೆ ನಡೆದುಬಂದಿರುವ ಈ ಹಂಚಿಕೆಯನ್ನು ನಾವು ಸ್ವಲ್ಪ ವಿಚಾರಮಾಡಿ ನೋಡೋಣ.

ಬುಗುರಿಯೂ ಪಾತ್ರೆಯೂ ಹುಟ್ಟುವುದು ಒಂದೇ ಲೇತಿನ ಮೇಲೆ. ಆಲೆ ಮರದ ತುಂಡು ವೇಗವಾಗಿ ತಿರುಗುತ್ತಿರುವಾಗ ಕುಶಲಕರ್ಮಿಯು ಉಳಿ ಹಿಡಿದು ಅದಕ್ಕೆ ಆಕಾರ ಕೊಡುತ್ತಾನೆ. ಬಳಿಕ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಘರ್ಷಣೆಯಿಂದ ಹುಟ್ಟಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಬೆಂಕಿಯ ಅಗತ್ಯವೇ ಇಲ್ಲ!

ಇನ್ನು ಬುಗುರಿಯ ಸಂಗತಿ. ಸುಮ್ಮನೆ ಮೊಳೆಯ ಮೇಲೆ ನಿಲ್ಲಿಸಿದರೆ ಉರುಳುವ ಬುಗುರಿ, ತಿರುಗುವಾಗ ಏಕೆ ಉರುಳುವುದಿಲ್ಲ? ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಗುರುತ್ವಾಕರ್ಷಣೆ ಅದನ್ನು ಕೆಡವಲು ಯತ್ನಿಸಿದಾಗ ಅಕ್ಷವು ಕೆಳಕ್ಕೆ ಬೀಳುವ ಬದಲು ಪಕ್ಕಕ್ಕೆ ಸರಿದು ಮೆಲ್ಲನೆ ಸುತ್ತುಬರುತ್ತದೆ. ನೆಲದ ಘರ್ಷಣೆಯೂ ಗಾಳಿಯ ತಡೆಯೂ ವೇಗವನ್ನು ಕುಗ್ಗಿಸಿದಂತೆಲ್ಲ ಓಲಾಟ ಹೆಚ್ಚಿ, ಕಡೆಗೆ ಬುಗುರಿ ಬೀಳುತ್ತದೆ. ಹಡಗು, ವಿಮಾನಗಳಿಗೆ ದಿಕ್ಕು ತೋರುವ ಗೈರೊಸ್ಕೋಪಿನ ತತ್ತ್ವವೂ ಇದೇ.

ಹಣವಿಲ್ಲದ ಮನೆಯಲ್ಲೂ ಆಟಿಕೆಗೆ ಕೊರತೆಯಿಲ್ಲ. ತೆಂಗಿನ ಗರಿಯ ತುಂಡುಗಳನ್ನು ಕಡ್ಡಿಗೆ ಸಿಕ್ಕಿಸಿ, ಗದ್ದೆಗೆ ಹರಿಯುವ ಸಣ್ಣ ಕಾಲುವೆಯಲ್ಲಿ ಹಿಡಿದರೆ ಅದೊಂದು ನೀರಿನ ಚಕ್ರ. ಹರಿಯುವ ನೀರಿನಿಂದ ಚಕ್ರ ತಿರುಗಿಸುವ ಈ ಉಪಾಯವೇ ದೊಡ್ಡ ಪ್ರಮಾಣದಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಟರ್ಬೈನುಗಳನ್ನು ತಿರುಗಿಸಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒದಗಿಸಿತು.

ಬುಗುರಿ ಕೊಟ್ಟ ಮಾತ್ರಕ್ಕೆ ಹುಡುಗಿ ಇಂಜಿನಿಯರಾಗುವಳೆಂದು ನಾವು ಹೇಳುವುದಿಲ್ಲ. ಆದರೆ ‘ಏಕೆ?’ ಎಂದು ಕೇಳುವ ಅಭ್ಯಾಸ ಆಟದಲ್ಲಿಯೇ ಮೊಳೆಯುತ್ತದೆ. ಮನೆಯವರ ಒಪ್ಪಿಗೆ ಅದಕ್ಕೆ ನೀರೆರೆಯುತ್ತದೆ. 1922ರಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿಯವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಉನ್ನತ ವ್ಯಾಸಂಗ ಮಾಡಿದರು. 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾಗಿ, ಸೂಕ್ಷ್ಮತರಂಗಗಳ ಇಂಜಿನಿಯರಿಂಗ್‌ನಲ್ಲಿ ಹೆಸರು ಗಳಿಸಿದರು.

ಅಡುಗೆಯ ಆಟವೂ ಕೀಳಲ್ಲ. ಕುದಿಯುವ ಪಾತ್ರೆಯ ಮುಚ್ಚಳ ಏಕೆ ಕುಣಿಯುವುದೆಂಬ ಪ್ರಶ್ನೆ ಅಲ್ಲಿಯೂ ಇದೆ. ಆದಕಾರಣ ಪಾತ್ರೆಯನ್ನು ಕಸಿದುಕೊಳ್ಳುವುದು ಬೇಡ, ಬುಗುರಿಯನ್ನೂ ಕೊಡೋಣ. ವಿದ್ಯಾರ್ಥಿಮಿತ್ರರೇ, ನಿಮ್ಮ ಮನೆಯ ಪುಟ್ಟ ತಂಗಿಯ ಕೈಗೆ ಇಂದೇ ಚಾಟಿಯನ್ನು ಕೊಡಿರಿ. ಒರಟು ನೆಲದ ಮೇಲೊಮ್ಮೆ, ನುಣುಪಾದ ನೆಲದ ಮೇಲೊಮ್ಮೆ ಅವಳು ಬುಗುರಿ ಆಡಿಸಲಿ. ನೀವು ಕಾಲವನ್ನು ಎಣಿಸಿರಿ. ಕಾರಣವನ್ನು ಮಾತ್ರ ಅವಳೇ ಹೇಳಲಿ.