ಟೆಂಟರ್‌ಹುಕ್ಸ್ ಅರ್ಥ ಇಚಲಕರಂಜಿಯವರನ್ನು ಕೇಳಿ

‘ಬರಗಾಲದಲ್ಲಿ ಅಧಿಕ ಮಾಸ’ ಎಂದು ಗಡಹಿಂಗ್ಲಜದ ಮನೆಯಲ್ಲಿ ಅಜ್ಜಿ ಅಂದರೆ, ಅದೇ ಊರಿನ ಪೇಟೆಯಲ್ಲಿ ದಲಾಲಿ ‘ದುಷ್ಕಾಳಾತ ತೇರಾವಾ ಮಹಿನಾ’ ಅನ್ನುತ್ತಾನೆ. ಸಂಕಟ ಇಬ್ಬರದೂ ಒಂದೇ. ಮೊದಲೇ ಕಣಜ ಖಾಲಿ, ಅದರ ಮೇಲೆ ವರ್ಷಕ್ಕೆ ಇನ್ನೊಂದು ತಿಂಗಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮರಾಠಿಯವಳು ‘ನಾಚತಾ ಯೇಈನಾ ಅಂಗಣ ವಾಕಡೆ’ ಎಂದು ಅಂಗಳದ ಮೇಲೆ ತಪ್ಪು ಹೊರಿಸಿದಳು. ದೂರದ ಬೆಟ್ಟ ನುಣ್ಣಗೆ, ‘ದುರೂನ್ ಡೊಂಗರ ಸಾಜರೆ’. ಹಿರಣ್ಯಕೇಶಿಯ ದಂಡೆಯ ಈ ತಾಲ್ಲೂಕಿನಲ್ಲಿ ಮನೆಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ ಆಗಿರುವ ಮಕ್ಕಳಿಗೆ ಈ ಎರಡು ಗಂಟುಗಳನ್ನೂ ಯಾರೂ ಪಾಠ ಮಾಡಿ ಕೊಟ್ಟಿಲ್ಲ. ಇಂಗ್ಲಿಷಿನ ನುಡಿಗಟ್ಟು ಬಂತೆಂದರೆ ಮಾತ್ರ ಬಾಯಿಪಾಠ ಶುರುವಾಗುತ್ತದೆ.

ಶುರುವಾಗಲು ಕಾರಣವೂ ಇದೆ. ಮಹಾರಾಷ್ಟ್ರದಲ್ಲಿ 2000ದಿಂದ ಇಂಗ್ಲಿಷ್ ಒಂದನೇ ತರಗತಿಗೇ ಬಂತು. ಮರಾಠಿ ಶಾಲೆಯಲ್ಲೇ ಗಣಿತ, ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಸುವ ‘ಸೆಮಿ ಇಂಗ್ಲಿಷ್’ ತರಗತಿಗಳೂ ಬೆಳೆದವು. ಡಿಗ್ರಿ ಮುಗಿದ ಮೇಲೆ ಎಂಪಿಎಸ್‌ಸಿ. ರಾಜ್ಯ ಲೋಕಸೇವಾ ಆಯೋಗದ ಪರೀಕ್ಷೆಗಳ ಇಂಗ್ಲಿಷ್ ಪಠ್ಯಕ್ರಮದಲ್ಲಿ ನುಡಿಗಟ್ಟುಗಳ ಬಳಕೆ ಮತ್ತು ಅರ್ಥ ಎಂದು ಬೇರೆಯಾಗಿಯೇ ನಮೂದಿಸಿದ್ದಾರೆ. ಹೀಗಾಗಿ ಕೊಲ್ಹಾಪುರದಿಂದ ಗಡಹಿಂಗ್ಲಜದವರೆಗೆ ಗಂಟೆಗಟ್ಟಲೆ ಕೂತು ಓದುವ ‘ಅಭ್ಯಾಸಿಕೆ’ಗಳಲ್ಲಿ ಹುಡುಗ ಹುಡುಗಿಯರು ಎರಡು ಸಾಲಿನ ಪಟ್ಟಿ ಹಿಡಿದಿರುತ್ತಾರೆ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಮರಾಠಿ ಅರ್ಥ. ‘ಟು ಕಿಕ್ ದ ಬಕೆಟ್’ ಅಂದರೆ ‘ಮರಣೆ’. ಮುಂದಿನದು.

ನನ್ನ ಲೆಕ್ಕದಲ್ಲಿ ಈ ಎರಡು ಸಾಲಿನ ಪಟ್ಟಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ, ಅದೂ ಸುಲಭದ ಅರ್ಧ. ಬಕೆಟ್ ಒದೆಯುವುದು ಎಂದರೆ ಸಾಯುವುದು ಸರಿ. ಆದರೆ ಯಾರು ಸತ್ತಾಗ, ಯಾರ ಮುಂದೆ ಹಾಗೆ ಅನ್ನಬಹುದು? ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಇದನ್ನು ಸೇರಿಸಿಕೊಂಡದ್ದು ಒರಟು ಬೀದಿಮಾತುಗಳ ನಿಘಂಟಿನಲ್ಲಿ. ಕನ್ನಡದ ‘ಗೊಟಕ್ ಅಂದ’ ಇದ್ದ ಹಾಗೆ. ಸಂತಾಪ ಸೂಚಕ ಪತ್ರದಲ್ಲಿ ಸಾಹೇಬರ ತಂದೆ ಬಕೆಟ್ ಒದ್ದರು ಎಂದು ಬರೆದವನ ಗತಿ ಏನಾದೀತು, ನೋಡಿ! ಪಟ್ಟಿಯ ಬಲಸಾಲು ಈ ಎಚ್ಚರವನ್ನು ಕೊಡುವುದಿಲ್ಲ.

ನುಡಿಗಟ್ಟು ತಲೆಯಲ್ಲಿ ಉಳಿಯಬೇಕಾದರೆ ಅದು ಹುಟ್ಟಿದ ಜಾಗ ಗೊತ್ತಾಗಬೇಕು ಎಂಬುದು ಬರೀ ಮೇಷ್ಟರ ಅನುಭವವಲ್ಲ. ಬೆಲ್ಜಿಯಂನ ಭಾಷಾವಿಜ್ಞಾನಿ ಫ್ರಾಂಕ್ ಬೂರ್ಸ್ ಮತ್ತು ಸಂಗಡಿಗರು ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿ ನೋಡಿದರು. ಮಾತಿನ ಮೂಲ ಯಾವ ಕಸುಬು, ಯಾವ ಆಟ ಎಂದು ತಿಳಿದವರಿಗೆ ಅದು ಹೆಚ್ಚು ನೆನಪಿನಲ್ಲಿ ನಿಂತಿತ್ತು. ಹಾಗಿದ್ದ ಮೇಲೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರು ಊರಿನವರಷ್ಟು ಅನುಕೂಲಸ್ಥರು ಬೇರೆ ಯಾರು?

ಇಚಲಕರಂಜಿಯನ್ನೇ ತೆಗೆದುಕೊಳ್ಳಿ. 1904ರಲ್ಲಿ ವಿಠ್ಠಲರಾವ್ ದಾತಾರ್ ಮೊದಲ ವಿದ್ಯುತ್ ಮಗ್ಗ ಹಾಕಿದರು, ಜಹಗೀರುದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆ ಬೆನ್ನಿಗೆ ನಿಂತರು. ಅಂದಿನಿಂದ ಊರಿಗೆ ಊರೇ ನೂಲಿನ ಮೇಲೆ ನಿಂತಿದೆ. ಅಲ್ಲಿನ ಪ್ರೊಸೆಸ್ ಹೌಸ್‌ಗಳಲ್ಲಿ ಸ್ಟೆಂಟರ್ ಎಂಬ ಉದ್ದನೆಯ ಯಂತ್ರ ಇರುತ್ತದೆ. ಬಣ್ಣವೋ ಬ್ಲೀಚೋ ಆಗಿ ಬಂದ ಒದ್ದೆ ಬಟ್ಟೆ ಅದರ ಬಾಯಿಗೆ ಹೋಗುತ್ತದೆ. ಎರಡೂ ಪಕ್ಕದಲ್ಲಿ ಓಡುವ ಸರಪಳಿಯ ಮೊಳೆಗಳೋ ಕ್ಲಿಪ್ಪುಗಳೋ ಬಟ್ಟೆಯ ಅಂಚನ್ನು ಕಚ್ಚಿ ಹಿಡಿಯುತ್ತವೆ. ಇತ್ತ ಸಡಿಲ ಬಿಡದೆ, ಅತ್ತ ಹರಿಯಗೊಡದೆ, ಬೇಕಾದ ಪನ್ನಕ್ಕೆ ಜಗ್ಗಿ ಹಿಡಿದು ಬಿಸಿಗಾಳಿಯ ಕೋಣೆಗಳೊಳಗೆ ಸಾಗಿಸುತ್ತವೆ. ಆ ಬದಿಯಲ್ಲಿ ಹೊರಬರುವ ತನಕ ಬಟ್ಟೆಗೆ ಬಿಡುಗಡೆ ಇಲ್ಲ.

ಈ ಯಂತ್ರದ ಮುತ್ತಜ್ಜನ ಹೆಸರು ಟೆಂಟರ್. ಇಂಗ್ಲೆಂಡಿನ ಉಣ್ಣೆಯ ಊರುಗಳಲ್ಲಿ ಬಯಲಿಗೆ ಮರದ ಚೌಕಟ್ಟು ನಿಲ್ಲಿಸಿ, ಬಾಗಿದ ಮೊಳೆಗಳಿಗೆ ಒದ್ದೆ ಬಟ್ಟೆಯ ಅಂಚು ಸಿಕ್ಕಿಸಿ ಎಳೆದು ಒಣಗಿಸುತ್ತಿದ್ದರು. ಆ ಮೊಳೆಗಳೇ ಟೆಂಟರ್‌ಹುಕ್ಸ್. ಫಲಿತಾಂಶಕ್ಕೋ ಆಸ್ಪತ್ರೆಯ ರಿಪೋರ್ಟಿಗೋ ಕಾಯುತ್ತ ಜೀವ ಜಗ್ಗಿ ಹಿಡಿದಂತಾಗುವುದನ್ನು ಇಂಗ್ಲಿಷರು ‘ಆನ್ ಟೆಂಟರ್‌ಹುಕ್ಸ್’ ಅಂದರು. 1748ರ ಸ್ಮಾಲೆಟ್‌ನ ಕಾದಂಬರಿಯಲ್ಲೇ ಈ ಪ್ರಯೋಗ ಇದೆ. ಇವತ್ತು ಲಂಡನ್ನಿನ ಎಷ್ಟೋ ಮಂದಿ ಟೆಂಟರ್ ಕಂಡವರಲ್ಲ. ಕೆಲವರು ಅದನ್ನು ಟೆಂಡರ್ ಮಾಡಿ ‘ಟೆಂಡರ್‌ಹುಕ್ಸ್’ ಎಂದು ಬರೆಯುವುದೂ ಉಂಟು. ಸ್ಟೆಂಟರಿನ ಮುಂದೆ ಪಾಳಿ ಮುಗಿಸಿ ಬರುವ ಅಪ್ಪನಿಗೆ ಮಾತ್ರ ಆ ಮಾತಿನ ಒಳಗು ಕಂಡೇ ಇದೆ. ಮಗ ಅಭ್ಯಾಸಿಕೆಯಲ್ಲಿ ಕೂತು ಅದನ್ನು ಉರು ಹೊಡೆಯುವ ಬದಲು, ಊಟಕ್ಕೆ ಕೂತಾಗ ‘ಅಪ್ಪಾ, ಸ್ಟೆಂಟರ್ ಹೆಂಗ ಹಿಡೀತದ?’ ಎಂದು ಕೇಳಿದರೆ ಸಾಕು.

ಮಗ್ಗದ ಕಡೆಯಿಂದ ಬಂದ ಮಾತುಗಳು ಇಂಗ್ಲಿಷಿನಲ್ಲಿ ಇನ್ನೂ ಇವೆ. ‘ಡೈಡ್ ಇನ್ ದ ವುಲ್’ ಅಂದರೆ ನೂಲಾಗುವ ಮೊದಲೇ ಉಣ್ಣೆಗೆ ಹಿಡಿಸಿದ ಬಣ್ಣ, ಬಿಡುವ ಮಾತೇ ಇಲ್ಲ. ಅಭಿಪ್ರಾಯ ಬದಲಿಸದ ಕಟ್ಟಾ ಪಕ್ಷನಿಷ್ಠರಿಗೆ ಈ ಬಿರುದು. ‘ಶಾಡಿ’ ಎಂಬುದು ಯಾರ್ಕ್‌ಶೈರಿನಲ್ಲಿ ಹಳೆಯ ಉಣ್ಣೆಚಿಂದಿ ಬಿಡಿಸಿ ಮತ್ತೆ ನೂತ ಬಟ್ಟೆ; ಆಮೇಲೆ ಕಳಪೆ ಕೆಲಸಕ್ಕೆಲ್ಲ ಅದೇ ಹೆಸರು ಅಂಟಿತು. ಒಂದು ಕಡೆ ಮಾತ್ರ ಹುಷಾರಾಗಿರಬೇಕು. ‘ದ ಹೋಲ್ ನೈನ್ ಯಾರ್ಡ್ಸ್’ ಅಂದರೆ ಪೂರ್ತಿ, ಒಂದಿಷ್ಟೂ ಉಳಿಸದೆ. ಒಂಬತ್ತು ಗಜ ಅಂದಕೂಡಲೇ ನೌವಾರಿ ಸೀರೆ ಉಡುವ ಸೀಮೆಯವರ ಕಿವಿ ನೆಟ್ಟಗಾಗುತ್ತದೆ. ಇದಕ್ಕೂ ಸೀರೆಗೂ ಸಂಬಂಧವಿಲ್ಲ. ಇದು ಅಮೆರಿಕದ ಮಾತು, ಅಲ್ಲಿನ ಹಳೆಯ ಪತ್ರಿಕೆಗಳಲ್ಲಿ ‘ಆರು ಗಜ’ ಎಂದೂ ಸಿಕ್ಕಿದೆ. ಚೆಂದದ ಕತೆ ಇದ್ದ ಮಾತ್ರಕ್ಕೆ ಅದು ಮೂಲವಾಗುವುದಿಲ್ಲ.

ಹೊಲಕ್ಕೆ ಬಂದರೆ ಗಡಹಿಂಗ್ಲಜದವರಿಗೆ ಹೇಳಿಕೊಡಬೇಕಾದ್ದೇ ಕಡಿಮೆ. ‘ಮೇಕ್ ಹೇ ವೈಲ್ ದ ಸನ್ ಶೈನ್ಸ್’ 1546ರ ಜಾನ್ ಹೇವುಡ್‌ನ ಗಾದೆ ಸಂಗ್ರಹದಲ್ಲೇ ಇದೆ. ಬೇಸಿಗೆಯಲ್ಲೂ ಮಳೆ ಬೀಳುವ ದೇಶ ಅದು, ಕೊಯ್ದ ಹುಲ್ಲು ಬಿಸಿಲಿಗೆ ಒಣಗದಿದ್ದರೆ ಕೊಳೆಯುತ್ತದೆ. ನಮ್ಮ ಕಣದಲ್ಲಿ ಬಿಸಿಲಿಗೆ ಬರವಿಲ್ಲ, ಕಾಯಬೇಕಾದ್ದು ಗಾಳಿಗೆ. ಆದ್ದರಿಂದ ನಾವು ‘ಗಾಳಿ ಬಂದಾಗ ತೂರಿಕೊ’ ಅಂದೆವು. ಕಲ್ಲಿದ್ದಲಿನ ಬಂದರು ನ್ಯೂಕ್ಯಾಸಲ್ಲಿಗೇ ಕಲ್ಲಿದ್ದಲು ಹೊರುವ ದಡ್ಡತನವನ್ನು ಕೊಲ್ಹಾಪುರದಲ್ಲಿ ವಿವರಿಸಲು ಅರೆ ನಿಮಿಷ ಸಾಕು. ಶಾಹು ಮಹಾರಾಜರು 1895ರಲ್ಲಿ ಕಟ್ಟಿಸಿದ ಶಾಹುಪುರಿಯ ಬೆಲ್ಲದ ಪೇಟೆಗೆ ಹೊರಗಿನಿಂದ ಬೆಲ್ಲ ಹೊತ್ತುಕೊಂಡು ಬಂದವನನ್ನು ನೆನೆದುಕೊಂಡರಾಯಿತು. ಖಾಸಬಾಗ್ ಕುಸ್ತಿ ಅಖಾಡದ ಊರಿನಲ್ಲಿ ‘ಬೈಟ್ ದ ಡಸ್ಟ್’ಗೆ ಅರ್ಥ ಹೇಳುವುದಂತೂ ಬೇಡವೇ ಬೇಡ, ಮಣ್ಣು ಮುಕ್ಕಿದವರನ್ನು ಜನ ಕಣ್ಣಾರೆ ಕಂಡಿದ್ದಾರೆ.

ಕಷ್ಟ ಇರುವುದು ಹೊಂದದ ಕಡೆ ಅಲ್ಲ, ಹೊಂದಿದಂತೆ ಕಾಣುವ ಕಡೆ. ‘ಪುಲ್ ಸಮ್‌ವನ್ಸ್ ಲೆಗ್’ ಅಂದರೆ ತಮಾಷೆಗೆ ಛೇಡಿಸುವುದು, ಅಷ್ಟೇ. ಮರಾಠಿಯಲ್ಲಿ ‘ಪಾಯ್ ಓಢಣೆ’ ಅಂದರೆ ಮೇಲೇರುವವನನ್ನು ಕೆಳಗೆಳೆಯುವುದು. ಕನ್ನಡದ ‘ಕಾಲೆಳೆಯುವುದು’ ಎರಡಕ್ಕೂ ಆದೀತು. ಮೂರು ಭಾಷೆ ಬಲ್ಲ ಹುಡುಗಿ ನಾಲ್ಕು ಆಯ್ಕೆಗಳ ಮುಂದೆ ಪೆನ್ನು ಹಿಡಿದು ತಡೆಯುವುದು ಇಂಥಲ್ಲೇ. ‘ಈಟ್ ಒನ್ಸ್ ವರ್ಡ್ಸ್’ ಇನ್ನೂ ಮೋಸದ್ದು. ನಾವು ಮಾತು ನುಂಗಿಕೊಂಡೆವು ಎಂದರೆ ಬಾಯಿಗೆ ಬಂದದ್ದನ್ನು ಆಡದೆ ತಡೆದೆವು ಎಂದು. ಇಂಗ್ಲಿಷಿನವನು ತಿನ್ನುವುದು ಆಡಿಬಿಟ್ಟ ಮಾತನ್ನು, ಅದೂ ಅದು ಸುಳ್ಳಾಗಿ ಮುಖಭಂಗವಾದ ಮೇಲೆ. ಪಟ್ಟಿ ಮಾಡುವವರು ಇಂಥ ಜಾಗಕ್ಕೆ ಕೆಂಪು ಗೆರೆ ಎಳೆಯಬೇಕಿತ್ತು.

ಎರಡು ಭಾಷೆಗಳನ್ನು ಹೀಗೆ ಜೊತೆಗಿಟ್ಟು ನಡೆಸಿದವರು ಕೊಲ್ಹಾಪುರಕ್ಕೆ ಹೊಸಬರಲ್ಲ. 1880ರಲ್ಲಿ ಆರಂಭವಾದ ರಾಜಾರಾಮ ಕಾಲೇಜಿನಲ್ಲಿ ಕೆ.ಜಿ. ಕುಂದಣಗಾರರು ಕನ್ನಡ ಕಲಿಸಿದರು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿ ಬಂದ ವಿ.ಕೃ. ಗೋಕಾಕರು 1950ರಿಂದ ಎರಡು ವರ್ಷ ಅಲ್ಲಿಯೇ ಪ್ರಾಂಶುಪಾಲರಾಗಿದ್ದರು. ಮುಂದೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ, ದೇಶದ ಇಂಗ್ಲಿಷ್ ಮೇಷ್ಟರುಗಳಿಗೆ ಕಲಿಸುವುದು ಹೇಗೆಂಬುದನ್ನೇ ಕಲಿಸುವ ಹೊಣೆ ಹೊತ್ತರು. ಅದೇ ಗೋಕಾಕರ ಸಮಿತಿಯೇ ಕರ್ನಾಟಕದ ಶಾಲೆಗಳಲ್ಲಿ ಕನ್ನಡ ಪ್ರಥಮ ಭಾಷೆಯಾಗಲಿ ಎಂದು ವರದಿ ಕೊಟ್ಟದ್ದು. ಇಂಗ್ಲಿಷ್ ಚೆನ್ನಾಗಿ ಬರಬೇಕಾದರೆ ಮನೆಯ ಮಾತನ್ನು ಬಾಗಿಲಾಚೆ ಬಿಟ್ಟು ಬರಬೇಕು ಎನ್ನುವ ತಂದೆತಾಯಂದಿರು ಆ ಹಿರಿಯರ ಬದುಕನ್ನೊಮ್ಮೆ ನೋಡಬೇಕು.

ಇನ್ನು ಕಲಿಯದೆ ಬಿಡಬಹುದಾದವೂ ಇವೆ. ಜಡಿಮಳೆಗೆ ‘ಕ್ಯಾಟ್ಸ್ ಅಂಡ್ ಡಾಗ್ಸ್’ ಎಂದು ಸ್ವಿಫ್ಟ್ 1738ರಲ್ಲೇ ಬರೆದ, ಅದೂ ಸವಕಲು ಮಾತುಗಳನ್ನು ಗೇಲಿ ಮಾಡುವ ಪುಸ್ತಕದಲ್ಲಿ. ಪರೀಕ್ಷೆಯಲ್ಲಿ ಬಂದರೆ ಗುರುತಿಸಿ, ಮಾತಿನಲ್ಲಿ ಬಳಸಲು ಹೋಗಬೇಡಿ. ಗುರುತಿಸಲು ಕಲಿಯುವ ಪಟ್ಟಿ ದೊಡ್ಡದಿರಲಿ, ಆಡಲು ಕಲಿಯುವುದು ಚಿಕ್ಕದಿರಲಿ. ಪುಸ್ತಕ ಅಚ್ಚು ಹಾಕುವವರಲ್ಲೂ ಒಂದು ಕೋರಿಕೆ ಇದೆ. ಇಂಗ್ಲಿಷ್ ನುಡಿಗಟ್ಟಿನ ಪಕ್ಕ ಬರೀ ಅರ್ಥ ಬೇಡ, ಅದು ಬರುವ ಒಂದು ವಾಕ್ಯ ಕೊಡಿ, ಮರಾಠಿಯ ಜೋಡಿ ಕೊಡಿ, ಗಡಿಯ ಮಕ್ಕಳಿಗಾಗಿ ಕನ್ನಡದ್ದಕ್ಕೆ ಒಂದು ಸಾಲು ಖಾಲಿ ಬಿಡಿ. ಅದನ್ನು ಮನೆಯವರನ್ನು ಕೇಳಿ ಅವರೇ ತುಂಬಿಕೊಳ್ಳುತ್ತಾರೆ.