ಲೈಬ್ರರಿಗೆ ಜಾಗ ಎಲ್ಲಿ?

ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಸಿದ್ಧ ತಂತ್ರಾಂಶವಲ್ಲ, ಒಂದು ಪುಸ್ತಕ. ಗೆರಾರ್ಡ್ ಬೀಕ್‌ಮನ್ಸ್ 1999ರಲ್ಲಿ ಆರಂಭಿಸಿದ ಈ ಕೈಪಿಡಿಯಲ್ಲಿ ಕಂಪೈಲರ್, ಸಿ ಲೈಬ್ರರಿ, ಕರ್ನಲ್ ಎಲ್ಲವನ್ನೂ ಸೋರ್ಸ್ ಕೋಡ್‌ನಿಂದ ಓದುಗರೇ ಕಟ್ಟಿಕೊಳ್ಳಲು ಬೇಕಾದ ಕಮಾಂಡುಗಳಿವೆ. ಹಾಗೆಯೇ ಪ್ರತಿ ತಂತ್ರಾಂಶದ ಜೊತೆಗೂ ಅದನ್ನು ರೂಪಿಸಿದವರ ಸೂಚನೆಗಳು ಬರುತ್ತವೆ. ಎರಡೂ ಎಲ್ಲ ಕಡೆ ಒಂದೇ ಮಾತು ಹೇಳುವುದಿಲ್ಲ.

64 ಬಿಟ್ ಲೈಬ್ರರಿಗಳನ್ನು ಎಲ್ಲಿಡಬೇಕು ಎಂಬ ವಿಚಾರವನ್ನೇ ನೋಡಬಹುದು. ಕಡತಗಳ ಜಾಗ ಗೊತ್ತುಮಾಡುವ ಫೈಲ್‌ಸಿಸ್ಟಂ ಹೈರಾರ್ಕಿ ಸ್ಟ್ಯಾಂಡರ್ಡ್ ಪ್ರಕಾರ ಎಎಂಡಿ64 ಯಂತ್ರಗಳಲ್ಲಿ ಅವು ‘ಲಿಬ್64’ ಡೈರೆಕ್ಟರಿಯಲ್ಲಿರಬೇಕು. ಜಿಸಿಸಿ ಕಂಪೈಲರ್ ತಾನಾಗಿ ಅಲ್ಲೇ ಇಡುತ್ತದೆ, ಲಿನಕ್ಸ್ ವಿತರಣೆಗಳಲ್ಲಿ ಫೆಡೋರಾ ಕೂಡ ಹಾಗೆಯೇ. ಡೆಬಿಯನ್ ಮಾತ್ರ ‘ಲಿಬ್’ ಒಳಗೆ ಯಂತ್ರದ ಬಗೆಯ ಹೆಸರಿನಲ್ಲಿ ಬೇರೆ ಡೈರೆಕ್ಟರಿ ಮಾಡಿಕೊಂಡಿದೆ. ಪುಸ್ತಕದ ದಾರಿ ಇನ್ನೊಂದು: ಜಿಸಿಸಿಯ ಒಂದು ಕಡತವನ್ನು ತಿದ್ದಿ, ಎಲ್ಲವೂ ಬರಿಯ ‘ಲಿಬ್’ಗೇ ಹೋಗುವಂತೆ ಮಾಡುತ್ತದೆ. 32 ಮತ್ತು 64 ಬಿಟ್ ಲೈಬ್ರರಿಗಳು ಒಟ್ಟಿಗೆ ಇರಬೇಕಾದಾಗ ಎರಡು ಮನೆ ಬೇಕು. ಶುದ್ಧ 64 ಬಿಟ್ ವ್ಯವಸ್ಥೆಗೆ ಒಂದೇ ಸಾಕು. ಈ ವಾದದಲ್ಲಿ ತಿರುಳಿದೆ. ಆದರೂ ‘ಲಿಬ್64’ ಪೂರ್ತಿ ಮಾಯವಾಗುವಂತಿಲ್ಲ. ಪ್ರೋಗ್ರಾಂ ಓಡಲು ಬೇಕಾದ ಲೋಡರ್‌ನ ವಿಳಾಸ ಅದರೊಳಗೇ ‘ಲಿಬ್64’ ಎಂದು ಅಚ್ಚಾಗಿರುವುದರಿಂದ, ಅಲ್ಲೊಂದು ಲಿಂಕ್ ಇಡಲೇಬೇಕು. ಕಾರಣ ತಿಳಿಯದೆ ಕಮಾಂಡನ್ನಷ್ಟೇ ನಕಲು ಮಾಡುವವರಿಗೆ ಆ ಲಿಂಕ್ ಬೇಡದ ಕಸದಂತೆ ಕಾಣುತ್ತದೆ. ಅದನ್ನು ಬಿಟ್ಟರೆ ಕಂಪೈಲ್ ಆದ ಪ್ರೋಗ್ರಾಂಗಳು ಓಡುವುದಿಲ್ಲ.

ಕೆಲಸ ಆರಂಭಿಸುವ ಯಂತ್ರದಲ್ಲೂ ತೊಡಕಿದೆ. ಅಲ್ಲಿ ‘ಎಸ್‌ಎಚ್’ ಎಂಬ ಕಮಾಂಡು ಓದುವ ಶೆಲ್ ಎಂದರೆ ಬ್ಯಾಷ್ ಆಗಿರಬೇಕು ಎಂಬುದು ಪುಸ್ತಕದ ಷರತ್ತು. ಉಬುಂಟು ವೇಗಕ್ಕಾಗಿ 2006ರಿಂದಲೇ ಆ ಜಾಗದಲ್ಲಿ ಡ್ಯಾಷ್ ಎಂಬ ಇನ್ನೊಂದು ಶೆಲ್ ಇಟ್ಟಿದೆ. ಇಬ್ಬರದೂ ಸರಿಯೇ, ಗುರಿ ಬೇರೆ. ಪುಸ್ತಕ ಕೊಡುವ ಪರೀಕ್ಷಾ ಸ್ಕ್ರಿಪ್ಟ್ ಓಡಿಸಿದರೆ ಇಂಥ ವ್ಯತ್ಯಾಸ ಮೊದಲೇ ಗೊತ್ತಾಗುತ್ತದೆ.

ಟೆಸ್ಟುಗಳ ವಿಷಯದಲ್ಲಿ ಪುಸ್ತಕ ತನ್ನದೇ ತೂಕ ಹಾಕುತ್ತದೆ. ಅಂತಿಮ ವ್ಯವಸ್ಥೆ ಕಟ್ಟಲೆಂದು ಮೊದಲು ಮಾಡಿಕೊಳ್ಳುವ ತಾತ್ಕಾಲಿಕ ಉಪಕರಣಗಳಿಗೆ ಟೆಸ್ಟ್ ಬೇಡ. ಅಂತಿಮ ಜಿಲಿಬ್‌ಸಿ, ಬಿನ್‌ಯುಟಿಲ್ಸ್ ಮತ್ತು ಜಿಸಿಸಿಯ ಟೆಸ್ಟುಗಳಾದರೋ ತುಂಬ ಮುಖ್ಯ. ಅಲ್ಲೂ ಕೆಲವು ಟೆಸ್ಟು ಸೋಲುವುದು ಸಹಜವೆಂದು ಪುಸ್ತಕವೇ ತಿಳಿಸುತ್ತದೆ. ಕಂಡ ಸೋಲು ಪುಸ್ತಕ ತಿಳಿಸಿದ್ದೋ ಹೊಸದೋ ಎಂದು ಅರಿಯುವ ಶ್ರಮ ಕಟ್ಟುವವರದು.

ಇನ್ನುಳಿದ ಬಹಳಷ್ಟು ಜಗಳಕ್ಕೆ ಕಾರಣ ಪುಸ್ತಕದ ಆವೃತ್ತಿ. 2020ರ 10.0 ಆವೃತ್ತಿಯಲ್ಲಿ ತಾತ್ಕಾಲಿಕ ಉಪಕರಣ ಕಟ್ಟುವ ವಿಧಾನವೇ ಕ್ರಾಸ್ ಕಂಪೈಲ್ ಮಾರ್ಗಕ್ಕೆ ಬದಲಾಯಿತು. ಅದಕ್ಕೂ ಹಿಂದಿನ ಟಿಪ್ಪಣಿಯನ್ನು ಇಂದಿನ ಅಧ್ಯಾಯದೊಡನೆ ಬೆರೆಸಿದರೆ ಡೈರೆಕ್ಟರಿಗಳೇ ಹೊಂದುವುದಿಲ್ಲ.