ತಾವರೆಯೂ ನೈದಿಲೆಯೂ: ಕೆರೆಯ ಹೂಳೆತ್ತಿಸುವವರು ಅರಿಯತಕ್ಕ ಸಂಗತಿ

ಗಂಗಾವತಿ ತಾಲೂಕಿನ ಆನೆಗೊಂದಿಯ ಸಮೀಪದ ಪಂಪಾ ಸರೋವರವು ತಾವರೆಗೆ ಹೆಸರಾದುದು. ನೈದಿಲೆಯನ್ನೂ ತಾವರೆಯೆಂದೇ ಎಣಿಸುವವರುಂಟು; ಆದರೆ ಇವೆರಡೂ ಬೇರೆ ಬೇರೆ ಕುಲದವು. ತಾವರೆಯ ಎಲೆಯು ಗುರಾಣಿಯಂತೆ ದುಂಡಗಿದ್ದು, ದೇಟು ಅದರ ನಡುವೆ ಕೂಡಿರುವುದು. ಬಲಿತ ಎಲೆಯು ನೀರಿನಿಂದ ಮೇಲೆದ್ದು ನಿಲ್ಲುವುದು. ನೈದಿಲೆಯ ಎಲೆಯು ದೇಟಿನವರೆಗೆ ಸೀಳಿದ್ದು, ನೀರಿನ ಮೇಲೆ ತೇಲುವುದು. ತಾವರೆಯ ಬೀಜಗಳು ಹೂವಿನ ನಡುವಣ ಪೀಠದ ಕುಳಿಗಳಲ್ಲಿ ಕೂತಿರುವುವು. ನೈದಿಲೆಯ ಕಾಯಿಯು ನೀರಿನೊಳಗೆ ಮಾಗುವುದು.

ತಾವರೆಯ ಜೀವವು ಕೆಸರಿನಲ್ಲಿ ಅಡ್ಡಲಾಗಿ ಹರಿದ ಗಡ್ಡೆಯಲ್ಲಿದೆ. ಎಲೆಯ ಗಾಳಿಯು ದೇಟಿನ ಹಾಗೂ ಗಡ್ಡೆಯ ಕೊಳವೆಗಳ ಮೂಲಕ ಕೆಳಗಿಳಿಯುವುದು. ಆದಕಾರಣ ದೇಟನ್ನು ನೀರಿನ ಕೆಳಗೆ ಕೊಯ್ದರೆ ನೀರು ಒಳಹೊಕ್ಕು ಗಡ್ಡೆ ಕೊಳೆಯುವ ಸಂಭವವುಂಟು. ಹೂವನ್ನು ನೀರಿನ ಮೇಲೆಯೇ ಕೊಯ್ಯತಕ್ಕದ್ದು.

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ತಾಲೂಕುಗಳಲ್ಲಿ ಬೇಸಿಗೆಯಲ್ಲಿ ಕೆರೆಯ ಹೂಳನ್ನು ಹೊಲಕ್ಕೆ ಸಾಗಿಸುವಾಗ, ತಾವರೆಯಿದ್ದಲ್ಲಿ ಗಡ್ಡೆಯೂ ಹೂಳಿನೊಡನೆ ಹೋಗಿ ಒಣಗುವುದು. ಊರ ಗೌಡರೂ ಭೂಮಾಲೀಕರೂ ಕೆಲಸಕ್ಕೆ ಮುಂಚಿತವಾಗಿ, ಕುಡಿ ಮುರಿಯದ, ಎರಡು ಮೂರು ಗೆಣ್ಣುಳ್ಳ ಗಡ್ಡೆಗಳನ್ನು ತೆಗೆಸಿ, ಕೆಸರೂ ನೀರೂ ತುಂಬಿದ ಬಾನಿಯಲ್ಲಿರಿಸತಕ್ಕದ್ದು. ಮಳೆಯ ನೀರು ನಿಂತ ಬಳಿಕ ಕೆರೆಯಂಚಿನ ಆಳವಿಲ್ಲದ ಕೆಸರಿನಲ್ಲಿ ಕುಡಿ ಮೇಲಾಗುವಂತೆ ಅಡ್ಡಲಾಗಿ ನೆಡಿಸತಕ್ಕದ್ದು.

ಗಡ್ಡೆ ದೊರೆಯದಿದ್ದರೆ ಬೀಜವುಂಟು. ಚೀನ ದೇಶದ ಒಣಗಿದ ಕೆರೆಯ ಮಣ್ಣಿನಲ್ಲಿ ಸುಮಾರು 1300 ವರ್ಷ ಹೂತಿದ್ದ ತಾವರೆಯ ಬೀಜವು ಮೊಳೆತ ಸಂಗತಿಯು 1995ರಲ್ಲಿ ಪ್ರಕಟವಾಯಿತು. ಸಿಪ್ಪೆಯು ಅಷ್ಟು ಗಟ್ಟಿ. ಆದುದರಿಂದ ಬೀಜದ ಮೊಂಡು ತುದಿಯನ್ನು ಕಲ್ಲಿಗೆ ತೇದು, ಒಳಗಿನ ಬಿಳುಪು ಕಂಡಕೂಡಲೆ ನಿಲ್ಲಿಸಿ, ನೀರಿನಲ್ಲಿ ನೆನೆಯಿಟ್ಟು, ದಿನವೂ ನೀರು ಬದಲಿಸಬೇಕು. ಮೊಳೆತ ಸಸಿಯನ್ನು ಜಿಗುಟು ಕೆಸರಿನಲ್ಲಿ ನೆಡಬಹುದು.